ಹಿಪ್ಪೆ ಹಿಂಡುವ ಕಲೆ

ಕಬ್ಬಿನ ಹಾಲು ಮಾರುವವನ ಕೈಯನ್ನು ಗಮನಿಸಿ. ಜಲ್ಲೆಯನ್ನು ಒಮ್ಮೆ ಗಾಣಕ್ಕೆ ಕೊಡುತ್ತಾನೆ, ಮಡಿಸಿ ಮತ್ತೊಮ್ಮೆ ಕೊಡುತ್ತಾನೆ, ನಡುವೆ ಶುಂಠಿ, ನಿಂಬೆಹಣ್ಣು ತುರುಕಿ ಮೂರನೆಯ ಸಲವೂ ಕೊಡುತ್ತಾನೆ. ಆಚೆ ಬಿದ್ದ ಹಿಪ್ಪೆಯನ್ನು ಯಾರೋ ಮನೆಗೆ ಹೊತ್ತೊಯ್ದು, ಸಾವಿರಾರು ರೂಪಾಯಿ ಸುರಿದು ತನ್ನದೇ ಒಂದು ಗಾಣ ಹೂಡಿ, ರಾತ್ರಿಯಿಡೀ ತಿರುಗಿಸಿ, ಬೆಳಗಾಗುವಾಗ ಒಂದು ಚಮಚ ರಸ ಹಿಡಿದು ‘ನೋಡಿ, ಪುಕ್ಕಟೆ ಸಿಕ್ಕಿತು!’ ಎಂದರೆ ಅವನಿಗೆ ಏನೆನ್ನಬೇಕು? ಕಂಪ್ಯೂಟರ್ ಲೋಕದಲ್ಲಿ ಅವನಿಗೆ ಓವರ್‌ಕ್ಲಾಕರ್ ಎನ್ನುತ್ತಾರೆ. ಪ್ರೊಸೆಸರ್ ಇಂತಿಷ್ಟು ವೇಗದಲ್ಲಿ ಓಡಲಿ ಎಂದು ತಯಾರಿಸಿದವರು ಹೇಳಿದ್ದರೆ, ಅದನ್ನು ಅದಕ್ಕೂ ಜೋರಾಗಿ ಓಡಿಸುವುದೇ ಓವರ್‌ಕ್ಲಾಕಿಂಗ್. ಸಂಗೀತ ಬಲ್ಲವರಿಗೆ ಹೇಳುವುದಾದರೆ, ಒಂದನೇ ಕಾಲದಲ್ಲಿ ಹಾಡಲು ಬಂದವನನ್ನು ಎರಡನೇ ಕಾಲಕ್ಕೆ ನೂಕುವುದು. ಈ ಕಲೆಯ ಮೇಲೆ ನನಗೆ ದ್ವೇಷವಿಲ್ಲ. ಆದರೆ ಜಲ್ಲೆಯಲ್ಲಿ ರಸವಿದ್ದ ಕಾಲ ಮುಗಿಯಿತು, ಈಗ ಮೂರು ಸುತ್ತಿನ ಹಿಂಡಾಟವನ್ನೂ ಕಾರ್ಖಾನೆಯವರೇ ಮುಗಿಸಿ ಕಳಿಸುತ್ತಿದ್ದಾರೆ ಎಂಬುದಷ್ಟೇ ನನ್ನ ತಕರಾರು.

ರಸವಿದ್ದ ಕಾಲದ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ಇಂದಿನ ಭ್ರಮೆಯೆಲ್ಲ ಅಂದಿನ ಸತ್ಯದ ಮೇಲೆ ನಿಂತಿದೆ. 1998ರ ಆಗಸ್ಟ್‌ನಲ್ಲಿ ಇಂಟೆಲ್ ಸೆಲೆರಾನ್ 300ಎ ಎಂಬ ಬಡವರ ಪ್ರೊಸೆಸರನ್ನು ಬಿಟ್ಟಿತು. ಮದರ್‌ಬೋರ್ಡು 66 ಮೆಗಾಹರ್ಟ್ಸ್‌ನಲ್ಲಿ ತಾಳ ಹಾಕುತ್ತಿತ್ತು, ಪ್ರೊಸೆಸರ್ ಅದನ್ನು ನಾಲ್ಕೂವರೆ ಪಟ್ಟು ಮಾಡಿಕೊಂಡು 300ರಲ್ಲಿ ಓಡುತ್ತಿತ್ತು. ತಾಳವನ್ನು 66ರಿಂದ 100ಕ್ಕೆ ಏರಿಸಿದರೆ? ಅದು 450ರಲ್ಲಿ ಓಡುತ್ತಿತ್ತು, ಅದೂ ಹೆಚ್ಚಿನ ಪ್ರೊಸೆಸರ್‌ಗಳಲ್ಲಿ ಯಾವ ಗೊಣಗಾಟವೂ ಇಲ್ಲದೆ. ಅದೇ ತಿಂಗಳು ಬಂದ 450 ಮೆಗಾಹರ್ಟ್ಸ್‌ನ ಪೆಂಟಿಯಂ 2ಕ್ಕೆ ಇದರ ನಾಲ್ಕು ಪಟ್ಟಿಗೂ ಮೀರಿದ ಬೆಲೆ. ಇದು ಪವಾಡವಲ್ಲ, ವ್ಯಾಪಾರ. ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಚಿಪ್‌ಗಳನ್ನು ಪರೀಕ್ಷಿಸಿ ದರ್ಜೆ ಕಟ್ಟುತ್ತಾರೆ. ತಯಾರಿಕೆ ಚೆನ್ನಾಗಿ ಕುದುರಿದಾಗ ಹೆಚ್ಚುಕಡಿಮೆ ಎಲ್ಲವೂ ಫಸ್ಟ್ ಕ್ಲಾಸಿನಲ್ಲೇ ಪಾಸಾಗುತ್ತವೆ, ಆದರೆ ಅಂಗಡಿಯಲ್ಲಿ ಗಿರಾಕಿ ಹೆಚ್ಚಿರುವುದು ಅಗ್ಗದ ಮಾಲಿಗೆ. ಹಾಗಾಗಿ ಫಸ್ಟ್ ಕ್ಲಾಸಿನವನಿಗೂ ಥರ್ಡ್ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಕೊಟ್ಟು ಕಳಿಸುತ್ತಿದ್ದರು. ಓವರ್‌ಕ್ಲಾಕರ್ ಮಾಡುತ್ತಿದ್ದದ್ದು ಮರುಮೌಲ್ಯಮಾಪನ.

2000ದ ಸುಮಾರಿಗೆ ಎಎಂಡಿಯ ಡ್ಯೂರಾನ್, ಥಂಡರ್‌ಬರ್ಡ್ ಅಥ್ಲಾನ್‌ಗಳ ಕಥೆಯಂತೂ ಇನ್ನೂ ಚೆಂದ. ಆ ಚಿಪ್‌ಗಳ ನೆತ್ತಿಯ ಮೇಲೇ ಕೂದಲೆಳೆಯಂಥ ಸಣ್ಣ ಸಂಪರ್ಕಗಳಿದ್ದವು. ತಾಳವನ್ನು ಎಷ್ಟು ಪಟ್ಟು ಮಾಡಬೇಕೆಂಬ ಗುಣಕವನ್ನು ಯಾರೂ ಮುಟ್ಟಬಾರದೆಂದು ಕಾರ್ಖಾನೆಯಲ್ಲಿ ಅವನ್ನು ಕತ್ತರಿಸುತ್ತಿದ್ದರು. ಪೆನ್ಸಿಲ್ಲಿನ ಸೀಸ ಎನ್ನುತ್ತೇವಲ್ಲ, ಅದು ಸೀಸವಲ್ಲ, ಗ್ರಾಫೈಟ್, ವಿದ್ಯುತ್ತನ್ನು ಹರಿಯಬಿಡುತ್ತದೆ. ಕತ್ತರಿಸಿದ ಜಾಗದ ಮೇಲೆ ಪೆನ್ಸಿಲ್ಲಿನಿಂದ ಗೀಟು ಎಳೆದರೆ ಬೀಗ ತೆರೆಯುತ್ತಿತ್ತು. ಕೋಟಿಗಟ್ಟಲೆ ಡಾಲರಿನ ತಂತ್ರಜ್ಞಾನವನ್ನು ಎರಡನೇ ಕ್ಲಾಸಿನ ಮಗುವಿನ ಕಂಪಾಸ್ ಬಾಕ್ಸು ಸೋಲಿಸಿದ ಪ್ರಸಂಗಗಳು ಚರಿತ್ರೆಯಲ್ಲಿ ಹೆಚ್ಚಿಲ್ಲ. ಕಂಪನಿಗಳು ಕಲಿಯುವುದು ನಿಧಾನವಾದರೂ ಕಲಿಯುತ್ತವೆ. 2011ರ ಹೊತ್ತಿಗೆ ಇಂಟೆಲ್ ತಾಳವನ್ನೇ ಬಿಗಿದು ಕಟ್ಟಿ, ‘ಕೆ’ ಎಂಬ ಅಕ್ಷರವಿದ್ದ ಪ್ರೊಸೆಸರ್‌ಗಳ ಬೀಗವನ್ನು ಮಾತ್ರ ತೆರೆದಿಟ್ಟು, ಅದಕ್ಕೆ ತುಸು ಹೆಚ್ಚು ಕಾಸು ಪಡೆಯತೊಡಗಿತು. ಬೇಲಿ ಹಾರಿ ಕದಿಯುತ್ತಿದ್ದ ಮಾವಿನಕಾಯಿಗೆ ತೋಟದ ಯಜಮಾನನೇ ಟಿಕೆಟ್ ಇಟ್ಟಂತಾಯಿತು. ಆದರೂ ಮರದಲ್ಲಿ ಕಾಯಿ ಇತ್ತೆನ್ನಿ: ಆ ವರ್ಷದ ಐ5 2500ಕೆ, ಪೆಟ್ಟಿಗೆಯ ಮೇಲೆ 3.3 ಗಿಗಾಹರ್ಟ್ಸ್ ಎಂದಿದ್ದದ್ದು, ಒಳ್ಳೆಯ ಕೂಲರ್ ಕಂಡರೆ 4.5ರವರೆಗೂ ಹೋಗುತ್ತಿತ್ತು.

ಈ ನಡುವೆ ಬೇರೊಂದು ಸಂಗತಿ ನಡೆದಿತ್ತು. ಪೆಂಟಿಯಂ 4 ಅನ್ನು 4 ಗಿಗಾಹರ್ಟ್ಸ್‌ಗೆ ಮುಟ್ಟಿಸುತ್ತೇವೆಂದು ಮಾತು ಕೊಟ್ಟಿದ್ದ ಇಂಟೆಲ್, 2004ರಲ್ಲಿ ಕೈಚೆಲ್ಲಿತು; ಆಗಿನ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ತುಂಬಿದ ಸಭೆಯ ವೇದಿಕೆಯ ಮೇಲೆ ತಮಾಷೆಗೆಂದು ಮಂಡಿಯೂರಿ ಕ್ಷಮೆ ಕೇಳಿದರು. ಕಾರಣ ಶಾಖ. ವೇಗವನ್ನು ಇನ್ನು ಸುಲಭವಾಗಿ ಏರಿಸಲಾಗದು ಎಂದು ಗೊತ್ತಾದ ಮೇಲೆ ಕಂಪನಿಗಳ ಕಣ್ಣು ತಾವೇ ಮಡಿಸಿಟ್ಟಿದ್ದ ಬಟ್ಟೆಯ ಮೇಲೆ ಬಿತ್ತು. ಹಿಂದೆ ದರ್ಜಿ ಶಾಲಾ ಸಮವಸ್ತ್ರ ಹೊಲಿಯುವಾಗ ‘ಬೆಳೆಯೋ ಮಗು’ ಎಂದು ಎರಡಿಂಚು ಒಳಗೆ ಮಡಿಸುತ್ತಿದ್ದನಲ್ಲ, ಅದೇ ಮಡಿಕೆ. 2008ರ ಕೊನೆಯಲ್ಲಿ ಬಂದ ಕೋರ್ ಐ7ಗಳಿಂದ ಟರ್ಬೊ ಬೂಸ್ಟ್ ಎಂಬ ಹೆಸರಲ್ಲಿ ಪ್ರೊಸೆಸರ್ ತನ್ನ ಮಡಿಕೆಯನ್ನು ತಾನೇ ಬಿಚ್ಚಿಕೊಳ್ಳತೊಡಗಿತು: ಮೈ ತಣ್ಣಗಿದೆ, ಕೆಲಸ ಬಂದಿದೆ, ಸರಿ, ಓಡು. 2023ರ ಐ9 14900ಕೆ ಡಬ್ಬಿಯಿಂದ ತೆಗೆದ ಹಾಗೆಯೇ, ಯಾರ ಹಂಗೂ ಇಲ್ಲದೆ, 6 ಗಿಗಾಹರ್ಟ್ಸ್ ಮುಟ್ಟುತ್ತದೆ. ಎಎಂಡಿಯ ರೈಜನ್ 9 7950ಎಕ್ಸ್ ಭಾರಿ ಕೆಲಸದಲ್ಲಿ 95 ಡಿಗ್ರಿ ಸೆಲ್ಸಿಯಸ್‌ಗೆ ಏರಿ ಅಲ್ಲೇ ನಿಂತು ದುಡಿಯಲೆಂದೇ ರೂಪುಗೊಂಡದ್ದು. ಬಿಸಿನೀರಿನ ಹಂಡೆ ಕುದಿಯಲು ಐದೇ ಡಿಗ್ರಿ ಬಾಕಿ ಇರುವಾಗ ಅದರ ಕೆಳಗೆ ಇನ್ನೆರಡು ಸೌದೆ ತುರುಕುವವನ ಉತ್ಸಾಹವನ್ನು ಮೆಚ್ಚಬಹುದು, ವಿವೇಕವನ್ನಲ್ಲ. ಇನ್ನೂ ತಮಾಷೆಯೆಂದರೆ, ಈ ರೈಜನ್ ತನ್ನೊಳಗಿನ ಹಲವು ದುಡಿಯುವ ಘಟಕಗಳ ಪೈಕಿ ಒಂದೆರಡು ಕೋರ್‌ಗಳಿಗೆ ಮಾತ್ರ ಕೆಲಸವಿದ್ದಾಗ 5.7 ಗಿಗಾಹರ್ಟ್ಸ್‌ವರೆಗೆ ಜಿಗಿಯುತ್ತದೆ. ಎಲ್ಲ ಕೋರ್‌ಗಳನ್ನೂ ಹಳೆಯ ಪದ್ಧತಿಯಲ್ಲಿ 5.2ಕ್ಕೆ ಕಟ್ಟಿಹಾಕಿದವನು ಆ ಜಿಗಿತವನ್ನು ಕಳೆದುಕೊಂಡು, ದಿನನಿತ್ಯದ ಕೆಲಸದಲ್ಲಿ ತನ್ನ ಕಂಪ್ಯೂಟರನ್ನು ಶ್ರಮಪಟ್ಟು ನಿಧಾನ ಮಾಡಿಕೊಂಡಿರುತ್ತಾನೆ.

ಕಾರ್ಖಾನೆಯವರು ಎಷ್ಟು ಅಂಚಿಗೆ ಹೋಗಿ ನಿಂತಿದ್ದಾರೆ ಎನ್ನುವುದಕ್ಕೆ 2024 ಸಾಕ್ಷಿ. ಆ ವರ್ಷ ಇಂಟೆಲ್ಲಿನ 13 ಮತ್ತು 14ನೇ ಪೀಳಿಗೆಯ ಹಲವು ಪ್ರೊಸೆಸರ್‌ಗಳು, ಯಾರೂ ಓವರ್‌ಕ್ಲಾಕ್ ಮಾಡದಿದ್ದರೂ, ವಿಪರೀತ ವೋಲ್ಟೇಜಿನಿಂದ ಸವೆದು ತಡವರಿಸತೊಡಗಿದವು. ಕಂಪನಿ ತಿದ್ದುಪಡಿ ಕಳಿಸಿ, ವಾರಂಟಿಯನ್ನು ಎರಡು ವರ್ಷ ಹಿಗ್ಗಿಸಿತು. ಅದಕ್ಕೂ ಮೊದಲೇ, 2021ರಲ್ಲಿ, ಸಿಲಿಕಾನ್ ಲಾಟರಿ ಎಂಬ ಅಮೆರಿಕದ ಅಂಗಡಿಯೊಂದು ಬಾಗಿಲು ಹಾಕಿತ್ತು. ಚೆನ್ನಾಗಿ ಓವರ್‌ಕ್ಲಾಕ್ ಆಗುವ ಚಿಪ್‌ಗಳನ್ನು ಹೆಕ್ಕಿ, ಪರೀಕ್ಷಿಸಿ, ಹೆಚ್ಚಿನ ಬೆಲೆಗೆ ಮಾರುವುದೇ ಅವರ ಕಸುಬು; ಏರಿಸಲು ಜಾಗವೇ ಕರಗುತ್ತಿದೆ ಎಂದು ಅವರೇ ಹೇಳಿದರು. ಹಿಪ್ಪೆಯ ವ್ಯಾಪಾರಿಯೇ ರಸವಿಲ್ಲ ಎಂದ ಮೇಲೆ ನಮ್ಮದೇನು?

‘ಐದು ಪರ್ಸೆಂಟಾದರೂ ಪುಕ್ಕಟೆ ತಾನೆ?’ ಎನ್ನುವವರಿದ್ದಾರೆ. ಲೆಕ್ಕ ಹಾಕೋಣ. ಇಂಟೆಲ್ ಆದರೆ ಬೀಗವಿಲ್ಲದ ಪ್ರೊಸೆಸರ್ ಬೇಕು, ಅದಕ್ಕೆ ಒಪ್ಪುವ ‘ಝಡ್’ ಸರಣಿಯ ಮದರ್‌ಬೋರ್ಡು ಬೇಕು. ಎರಡಕ್ಕೂ ಮೇಲೆ ನೀರು ಹರಿಯುವ ಕೂಲರ್: ಗಂಜಿ ಕುಡಿಯುವವನಿಗೆ ಮೀಸೆ ತಿಕ್ಕುವವನೊಬ್ಬ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎಷ್ಟೇ ಚೌಕಾಸಿ ಮಾಡಿದರೂ ಈ ಸರಂಜಾಮಿನ ಹೆಚ್ಚುವರಿ ಹಣದಲ್ಲಿ ಒಂದು ದರ್ಜೆ ಮೇಲಿನ ಗ್ರಾಫಿಕ್ಸ್ ಕಾರ್ಡಿನತ್ತ ಕೈ ಚಾಚಬಹುದು, ಮತ್ತು ಆಟವಾಡುವವರಿಗೆ ದೊಡ್ಡ ಪರದೆಯಲ್ಲಿ ಕೆಲಸಕ್ಕೆ ಬರುವುದು ಅದೇ. ಇಪ್ಪತ್ತು ನಿಮಿಷ ಹಿಡಿಯುವ ವಿಡಿಯೊ ಕೆಲಸದಲ್ಲಿ ಐದು ಪರ್ಸೆಂಟ್ ಎಂದರೆ ಒಂದು ನಿಮಿಷ. ಅದನ್ನು ಗಳಿಸಲು, ವ್ಯವಸ್ಥೆ ಗಟ್ಟಿಯಾಗಿ ನಿಂತಿದೆಯೇ ಎಂದು ತಿಳಿಯಲು, ಪ್ರೈಮ್95 ಎಂಬ ತಂತ್ರಾಂಶವನ್ನು ರಾತ್ರಿಯಿಡೀ ಓಡಿಸಬೇಕು. ಅದರ ಮೂಲ ಕೆಲಸ ದೈತ್ಯ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವುದು. ಅವಿಭಾಜ್ಯ ಸಂಖ್ಯೆಯ ಕೊರತೆಯಿಂದ ಯಾವ ಮನೆಯಲ್ಲೂ ಅಡುಗೆ ನಿಂತಿಲ್ಲ.

ಕರೆಂಟಿನ ಲೆಕ್ಕ ಇನ್ನೂ ಕ್ರೂರ. ಪ್ರೊಸೆಸರ್ ನುಂಗುವ ವಿದ್ಯುತ್ತು ವೇಗದ ಜೊತೆಗೂ ಏರುತ್ತದೆ, ವೋಲ್ಟೇಜಿನ ವರ್ಗದ ಜೊತೆಗೂ ಏರುತ್ತದೆ. ವೇಗ ಹತ್ತು ಪರ್ಸೆಂಟ್, ವೋಲ್ಟೇಜು ಹತ್ತು ಪರ್ಸೆಂಟ್ ಏರಿಸಿದರೆ ವಿದ್ಯುತ್ತು ಮೂವತ್ತಮೂರು ಪರ್ಸೆಂಟ್ ಏರುತ್ತದೆ. ಹೆಚ್ಚುವರಿ ನೂರು ವಾಟ್, ದಿನಕ್ಕೆ ನಾಲ್ಕು ಗಂಟೆ ಎಂದರೆ ತಿಂಗಳಿಗೆ ಹನ್ನೆರಡು ಯೂನಿಟ್. ಅಲ್ಪವೇ, ಒಪ್ಪಿದೆ. ಆದರೆ ಪುಕ್ಕಟೆ ಕರೆಂಟಿನ ಗೃಹಜ್ಯೋತಿ ಯೋಜನೆಯ ನೆರಳಿನಲ್ಲಿ 195 ಯೂನಿಟ್‌ಗೆ ಉಸಿರು ಬಿಗಿಹಿಡಿದು ನಿಂತಿರುವ ಮನೆಯಲ್ಲಿ ಈ ಹನ್ನೆರಡು ಸೇರಿದರೆ 207. ಇನ್ನೂರು ದಾಟಿದವರು ಪೂರ್ತಿ ಬಿಲ್ಲು ಕಟ್ಟಬೇಕು. ಆ ತಿಂಗಳು ಗಿಗಾಹರ್ಟ್ಸ್ ಎಂದರೇನೆಂದು ಮನೆಯ ಹಿರಿಯರಿಗೆ ವಿವರಿಸುವ ಕೆಲಸ ಯಾರದೋ ಅವರೇ ನೋಡಿಕೊಳ್ಳಲಿ. ಇನ್ನು ಗಾಳಿಯ ಕೂಲರ್ ಆಗಲಿ ನೀರಿನದಾಗಲಿ, ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ತಂಪು ದೇಶದ ಚಳಿಗಾಲದಲ್ಲಿ ಬರೆದ ಅಂಕಿಗಳನ್ನು ನಂಬಿಕೊಂಡು ಕಲಬುರಗಿಯ ಮೇ ತಿಂಗಳಲ್ಲಿ ಪ್ರಯೋಗಕ್ಕೆ ಇಳಿಯುವುದೆಂದರೆ, ಊಟಿಯಲ್ಲಿ ಕೊಂಡ ಸ್ವೆಟರನ್ನು ರಾಯಚೂರಿನಲ್ಲಿ ತೊಟ್ಟ ಹಾಗೆ.

ಹಳೆಯ ಕಂಪ್ಯೂಟರಿಗೆ ನಾಲ್ಕು ವರ್ಷ ಆಯಸ್ಸು ಕೂಡಿಸಬಹುದಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. 2500ಕೆ ಇನ್ನೂ ಬದುಕಿರುವ ಮನೆಯಲ್ಲಿ ಅದನ್ನು ಏರಿಸಿ, ಖಂಡಿತ ತಪ್ಪಿಲ್ಲ. ಆದರೆ ಅಂಥ ಮನೆಯಲ್ಲಿ ತಿರುಗುವ ಹಾರ್ಡ್ ಡಿಸ್ಕನ್ನು ತೆಗೆದು ಎಸ್‌ಎಸ್‌ಡಿ ಹಾಕಿದರೆ ಕಾಣುವ ವ್ಯತ್ಯಾಸದ ಮುಂದೆ ಇದೆಲ್ಲ ನಗಣ್ಯ. ಲ್ಯಾಪ್‌ಟಾಪಿನವರಿಗೆ ಬಹುಮಟ್ಟಿಗೆ ಈ ಬಾಗಿಲೇ ಮುಚ್ಚಿದೆ. ಅವರ ಪಾಲಿಗೆ ಫ್ಯಾನಿನಲ್ಲಿ ಹತ್ತಿಯಂತೆ ಕಟ್ಟಿದ ಧೂಳನ್ನು ಊದಿಸುವುದೇ ಓವರ್‌ಕ್ಲಾಕಿಂಗ್.

ಹಾಗಾದರೆ ವೇಗ, ವೋಲ್ಟೇಜು ಬದಲಿಸುವ ಬಯಾಸ್‌ಗೆ ಕಾಲಿಡುವುದೇ ಬೇಡವೇ? ಎರಡು ಕೆಲಸಕ್ಕೆ ಇಡಬೇಕು. ಒಂದು, ಮೆಮೊರಿ. 6000 ಎಂದು ಬರೆದ ಡಿಡಿಆರ್5 ರ್‍ಯಾಮನ್ನು ಕಾಸು ಕೊಟ್ಟು ತಂದು ಸಿಕ್ಕಿಸಿದರೆ, ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಎಂಬ ಗುಂಡಿಯನ್ನು ಒತ್ತುವವರೆಗೂ ಅದು ಸಾಮಾನ್ಯವಾಗಿ 4800ರಂಥ ಸಾಧಾರಣ ವೇಗದಲ್ಲೇ ತೂಕಡಿಸುತ್ತದೆ. ನಿಯಮದ ಪ್ರಕಾರ ಇದೂ ಓವರ್‌ಕ್ಲಾಕಿಂಗೇ, ಆದರೆ ಕೊಟ್ಟ ಕಾಸಿನ ಮಾಲನ್ನು ಕೇಳಿ ಪಡೆಯುವುದಷ್ಟೆ. ಎರಡನೆಯದು ಉಲ್ಟಾ ವಿದ್ಯೆ: ವೇಗವನ್ನು ಮುಟ್ಟದೆ ವೋಲ್ಟೇಜನ್ನು ಇಳಿಸುವುದು. ಎಲ್ಲ ಚಿಪ್‌ಗಳೂ ಬದುಕಲೆಂದು ಕಾರ್ಖಾನೆಯವರು ಕೊಂಚ ಧಾರಾಳವಾಗಿ ಬಡಿಸಿರುತ್ತಾರೆ. ಊಟ ಸ್ವಲ್ಪ ಇಳಿಸಿದರೆ ಮೈ ತಣ್ಣಗಾಗಿ, ಫ್ಯಾನು ಸುಮ್ಮನಾಗಿ, ಟರ್ಬೊ ಹೆಚ್ಚು ಹೊತ್ತು ನಿಲ್ಲುತ್ತದೆ; ಕೆಲವೊಮ್ಮೆ ವೇಗವೂ ಕೂದಲೆಳೆಯಷ್ಟು ಹೆಚ್ಚುತ್ತದೆ. ಒಂದು ಹೊತ್ತು ಉಂಡವ ಯೋಗಿ, ಮೂರು ಹೊತ್ತು ಉಂಡವ ರೋಗಿ ಎಂಬ ಅಜ್ಜಿಯರ ಸೂತ್ರ ಸಿಲಿಕಾನಿಗೂ ಹೊಂದುತ್ತದೆಂದು ಯಾರಿಗೆ ಗೊತ್ತಿತ್ತು!

ಉಳಿದದ್ದು ಸಂತೋಷದ ಮಾತು. ಪ್ರಯೋಜನಕ್ಕಲ್ಲ, ಖುಷಿಗೆ ಮಾಡುತ್ತೇವೆ ಎನ್ನುವವರ ಮುಂದೆ ನನ್ನ ವಾದವೆಲ್ಲ ಮುದುಡಿ ಕೂರುತ್ತದೆ. ರಂಗೋಲಿ ಹಾಕುವವರನ್ನು ಲಾಭವೇನೆಂದು ಯಾರು ಕೇಳುತ್ತಾರೆ? 2024ರಲ್ಲಿ ಪರಿಣತರು ಮೈನಸ್ 269 ಡಿಗ್ರಿಯ ದ್ರವ ಹೀಲಿಯಮ್ ಸುರಿದು 9.1 ಗಿಗಾಹರ್ಟ್ಸ್ ಮುಟ್ಟಿದರು, ದಾಖಲೆಗೆ ಬೇಕಾದ ಕೆಲವು ಕ್ಷಣಗಳ ಮಟ್ಟಿಗೆ. ಅವರು ಅದನ್ನು ಪುಕ್ಕಟೆ ಎಂದು ಎಂದೂ ಹೇಳಿಲ್ಲ. ಮನೆಯ ಹವ್ಯಾಸಿಗೆ ಹೀಲಿಯಮ್ ಎಟುಕದು. ಪೆನ್ಸಿಲ್ ಈಗಲೂ ಐದು ರೂಪಾಯಿಗೆ ಸಿಗುತ್ತದೆ, ಗೀಟು ಎಳೆಯಲು ಚಿಪ್ಪಿನ ಮೇಲೆ ಜಾಗವನ್ನಷ್ಟೇ ಬಿಟ್ಟಿಲ್ಲ.