ಬೋರ್ಜಲ ಮೀಮಾಂಸೆ: ಗೋಕಾಕ, ಮೂಡಲಗಿ, ಹುಕ್ಕೇರಿ ಎಂಬ ಪ್ರಸ್ಥಾನತ್ರಯ

1. ವಿಷಯ

ಈ ಸೀಮೆಯ ಜಲವು ದ್ವಿವಿಧ: ಹೊಳಿ ನೀರು, ಬೋರ್ ನೀರು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಲ್ಲಿ ತಂಗಿ, ಗೋಕಾಕದಲ್ಲಿ ಸುಮಾರು 52 ಮೀಟರ್ ಧುಮುಕುವ ಘಟಪ್ರಭೆಯದು ಮೊದಲನೆಯದು. ಎರಡನೆಯದು ಮಣ್ಣಿನಲ್ಲಿ ಇಂಗುವಾಗ ಇಂಗಾಲದ ಡೈಆಕ್ಸೈಡ್ ಹೀರಿ, ಕಲ್ಲು ಕರಗಿಸಿ, ಕ್ಯಾಲ್ಸಿಯಂ-ಮೆಗ್ನೀಸಿಯಂ ಸಮೇತ ಮೇಲೇರುತ್ತದೆ. ಮೂಡಲಗಿ ತಾಲ್ಲೂಕಿನ ಯಾದವಾಡದ ಸುಣ್ಣಕಲ್ಲು ಸಿಮೆಂಟಾಗಲು ಕಾರ್ಖಾನೆ ಬೇಕು. ಬೋರಿನ ಸುಣ್ಣ ನಳದ ತುದಿಯಲ್ಲಿ ತಾನೇ ಗಾರೆ ಕಟ್ಟುತ್ತದೆ.

2. ಪ್ರಮಾಣ

ನೀರು ಗಡಸೆಂದು ತಿಳಿಯಲು ನೈಯಾಯಿಕರ ನಾಲ್ಕೂ ದಾರಿ ಇವೆ. ಬಕೆಟ್ಟಿಗೆ ಹತ್ತಿದ ಬಿಳಿ ಪದರು ಪ್ರತ್ಯಕ್ಷ. ಎಲ್ಲೆಲ್ಲಿ ಸಬಕಾರ ನೊರೆಯಾಗದೋ ಅಲ್ಲಲ್ಲಿ ಕ್ಯಾಲ್ಸಿಯಂ ಎಂಬುದು ಅನುಮಾನ. ‘ನಿಮ್ಮ ನೀರ ಥೇಟ್ ನಮ್ಮ ಬೋರಿನಂಗ ಐತ್ರಿ’ ಎಂಬ ಬೀಗರ ಮಾತು ಉಪಮಾನ. ‘ಬ್ಯಾಳಿ ಇನ್ನೂ ಬೆಂದಿಲ್ಲ ನೋಡವಾ’ ಎಂಬ ಅತ್ತೆಯ ನುಡಿ ಶಬ್ದಪ್ರಮಾಣ, ಅದಕ್ಕೆ ಅಪೀಲಿಲ್ಲ.

3. ಹೇತ್ವಾಭಾಸ

ಫಿಲ್ಟರ್ ಮಾರುವವನು ನೀರಿಗೆ ಎರಡು ಲೋಹದ ಕಡ್ಡಿ ಇಳಿಸಿ ಕರೆಂಟ್ ಹರಿಸುತ್ತಾನೆ. ನೀರು ಕೆಂಪಾಗುತ್ತದೆ, ಮನೆಯವರು ಹೌಹಾರುತ್ತಾರೆ. ಆ ಬಣ್ಣ ಅವನದೇ ಕಬ್ಬಿಣದ ಕಡ್ಡಿಯ ತುಕ್ಕು. ಆರ್‌ಓ ನೀರು ಕೆಂಪಾಗದು, ಏಕೆಂದರೆ ಕರೆಂಟ್ ಹರಿಯುವಷ್ಟು ಲವಣ ಅದರಲ್ಲಿಲ್ಲ. ಟಿಡಿಎಸ್ ಮೀಟರೂ ಲವಣಗಳ ಒಟ್ಟು ಅಂದಾಜು ಹೇಳೀತೇ ಹೊರತು ಅದರಲ್ಲಿ ಸುಣ್ಣವೆಷ್ಟು, ಉಪ್ಪೆಷ್ಟು ಎಂದು ಬಿಡಿಸಿ ಹೇಳದು.

4. ಪೂರ್ವಪಕ್ಷಗಳ ಖಂಡನೆ

‘ಕುದಿಸಿದರಾಯ್ತು’ ಎಂಬವರಿಗೆ: ಬೈಕಾರ್ಬೊನೇಟಿನ ಗಡಸು ಹಂಡೆಯ ತಳ ಹಿಡಿಯುತ್ತದೆ, ಸಲ್ಫೇಟಿನದು ಕುದಿಗೆ ಜಗ್ಗದು. ‘ಯುವಿ ಸಾಕು’ ಎಂಬವರಿಗೆ: ಸೂಕ್ಷ್ಮಾಣು ಸಾಯುತ್ತವೆ, ಸುಣ್ಣ ಚಿರಂಜೀವಿ. ಸಾಫ್ಟ್‌ನರ್ ವಾದಿಗಳಿಗೆ: ಅದು ಕ್ಯಾಲ್ಸಿಯಂ ಹಿಡಿದು ಸೋಡಿಯಂ ಬಿಡುತ್ತದೆ, ಜಳಕಕ್ಕೆ, ಗೀಸರಿಗೆ ಯೋಗ್ಯ, ಆಗಾಗ ಉಪ್ಪಿನ ನೈವೇದ್ಯ ಕೇಳುತ್ತದೆ. ‘ಆರ್‌ಓವೇ ಮೋಕ್ಷ’ ಎಂಬವರಿಗೆ: ಗಡಸು ಹೋಗುವುದು ದಿಟ, ಆದರೆ ಕುಡಿಯುವುದಕ್ಕಿಂತ ಮೋರಿ ಸೇರುವ ನೀರೇ ಹೆಚ್ಚಾಗುವುದುಂಟು.

5. ಸಿದ್ಧಾಂತ

ಬಿಐಎಸ್ ಸೂತ್ರ 10500, ಸಂವತ್ಸರ 2012: ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಸಹ್ಯ. ಆದ್ದರಿಂದ ಮೊದಲು ಪ್ರಯೋಗಾಲಯ, ಆಮೇಲೆ ಅಂಗಡಿ. ಪರೀಕ್ಷೆಯಲ್ಲಿ ಮೆತ್ತಗೆ ಬಂದ ಹೊಳಿ ನೀರಿಗೆ ಆರ್‌ಓ ಕೂರಿಸುವುದು ಬೋಳುತಲೆಗೆ ಬಾಚಣಿಗೆ ಕೊಂಡಂತೆ.

6. ಫಲಶ್ರುತಿ

ಇದನ್ನು ಶ್ರದ್ಧೆಯಿಂದ ಓದಿದವರ ತೊಗರಿಬ್ಯಾಳಿ ಮೂರೇ ಸೀಟಿಗೆ ಬೇಯುವುದು. ಬೇಯದಿದ್ದರೆ ಮತ್ತೊಮ್ಮೆ ಓದಿ, ಚಿಟಿಕೆ ಸೋಡಾ ಹಾಕುವುದು.