ಐದು ರೂಪಾಯಿಯ ಬೆದರಿಕೆ

ನಿಪ್ಪಾಣಿಯ ಹೊಗೆಸೊಪ್ಪಿನ ಘಾಟಿನ ನಡುವೆ ಕೂತು ಫೋನಿನಲ್ಲಿ ಪೋಕರ್ ಕಲಿತೆ. ಕೈಗೆ ಜೋಡಿ ಎಕ್ಕ ಬರುವುದು ಸರಾಸರಿ 221 ಸಲಕ್ಕೊಮ್ಮೆ; ಉಳಿದಾಗ ಬಹುಪಾಲು ಎಲೆ ಕೆಳಗಿಟ್ಟು ಸುಮ್ಮನಿರುವುದೇ ವಿದ್ಯೆಯಂತೆ. ನಮ್ಮ ಕಡೆಯವರಿಗೆ ಸುಮ್ಮನಿರುವುದು ಬರುತ್ತದೆಯೇ? ಏಳು-ಎರಡರಂಥ ಕೆಟ್ಟ ಎಲೆ ಹಿಡಿದು, ದೇಸಾಯರ ಗತ್ತಿನಲ್ಲಿ ಮೀಸೆ ತಿರುವಿ, ಐದು ರೂಪಾಯಿ ಒಗೆದೆ. ಎದುರಿನವ ಅಂಜಲೇ ಇಲ್ಲ. ಫೋನಿಗೆ ಮೀಸೆ ಕಾಣುವುದಿಲ್ಲವಲ್ಲ!

ಚಿಕ್ಕೋಡಿಯ ಕಾಕಾ ನಕ್ಕರು: “ಚಾದ ರೊಕ್ಕಕ್ಕ ಯಾರ ಅಂಜತಾರೋ ತಮ್ಮಾ? ಎಲಿ ಛಲೋ ಇದ್ರ ಒಗಿ, ಇಲ್ಲಂದ್ರ ಮಲಕೊ.”

2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ಬಂದು ದುಡ್ಡಿನ ಆನ್‌ಲೈನ್ ಆಟಕ್ಕೆ ಬೀಗ ಬಿತ್ತು. ಈಗ ಅಥಣಿಯ ಅಕ್ಕನ ಮನೆಯಲ್ಲಿ ಹುರಿದ ಶೇಂಗಾ ಪಣಕ್ಕಿಟ್ಟು ಆಡುತ್ತೇವೆ. ಮೊನ್ನೆ ನನಗೆ ಜೋಡಿ ಎಕ್ಕ ಬಂತು. ಅಷ್ಟೊತ್ತಿಗೆ ಪಣವನ್ನೆಲ್ಲ ಕಾಕಾ ತಿಂದಾಗಿತ್ತು.