ಪಥದಿನ ಪೂರ್ವಸಿದ್ಧತಾ ಮೀಮಾಂಸೆ

ಟ್ರ್ಯಾಕ್ ಡೇ ಎಂಬುದು ಸ್ಪರ್ಧೆಯಲ್ಲ. ಶುಲ್ಕ ಕಟ್ಟಿದ ಸಾಮಾನ್ಯ ಸವಾರನೊಬ್ಬ ತನ್ನ ಮೋಟಾರ್ ಸೈಕಲ್ಲಿನ ಮೇಲೆ ಕೂತು, ಎದುರಿನಿಂದ ಎಮ್ಮೆ, ಲಾರಿ, ಮದುವೆ ದಿಬ್ಬಣ ಯಾವುದೂ ಬಾರದೆಂಬ ಖಾತರಿಯಲ್ಲಿ, ಮುಚ್ಚಿದ ಓಟಪಥವನ್ನು ಹದಿನೈದು ಇಪ್ಪತ್ತು ನಿಮಿಷದ ಕಂತುಗಳಲ್ಲಿ ಸುತ್ತುವ ದಿನ ಅದು. ಸಂಗತಿ ಇಷ್ಟೇ. ಆದರೆ ಇಷ್ಟೇ ಎಂದು ಬಿಟ್ಟರೆ ಬಲ್ಲವರ ಗತಿಯೇನು? ಆದ್ದರಿಂದ ಈ ಪ್ರಬಂಧದಲ್ಲಿ ಅದನ್ನು ‘ನಿರ್ಬಂಧಿತ ವಲಯಾಂತರ್ಗತ ದ್ವಿಚಕ್ರ ಪರಿಭ್ರಮಣ’, ಸಂಕ್ಷಿಪ್ತವಾಗಿ ನಿ.ವ.ದ್ವಿ.ಪ., ಎಂದು ಕರೆಯಲಾಗುವುದು. ಅದಕ್ಕೆ ಮೊದಲ ಸಲ ಅಣಿಯಾಗುವವನು ‘ಪ್ರಥಮ ಪರಿಭ್ರಮಣಾಕಾಂಕ್ಷಿ’; ಮುಂದೆ ಬರೀ ಆಕಾಂಕ್ಷಿ.

ಅಧಿಕರಣ 1: ಕ್ಷೇತ್ರನಿರ್ಣಯ

ಅಧ್ಯಯನಕ್ಕೆ ಆರಿಸಿಕೊಂಡ ಕ್ಷೇತ್ರ ಕೋಲ್ಕತ್ತದ ಬಿಬಿಡಿ ಬಾಗ್. ಇಲ್ಲಿ ಓಟಪಥವಿಲ್ಲ, ಇಲ್ಲದಿರುವುದೇ ಆಯ್ಕೆಗೆ ಕಾರಣ. ಪಥವಿರುವ ಊರಿನಲ್ಲಿ ಪೂರ್ವಸಿದ್ಧತೆ ಬೇಗ ಮುಗಿದುಹೋಗಿ ಪ್ರಬಂಧಕ್ಕೆ ಪುಟ ಸಾಲದು. ಇಲ್ಲಿರುವುದು ಕಚೇರಿಗಳು. ನಡುವೆ ಲಾಲ್ ದಿಘಿ ಎಂಬ ಕೆರೆ, ಉತ್ತರಕ್ಕೆ ರೈಟರ್ಸ್ ಬಿಲ್ಡಿಂಗ್, ಪಶ್ಚಿಮಕ್ಕೆ 1868ರಲ್ಲಿ ಕಟ್ಟಿ ಮುಗಿಸಿದ ದೊಡ್ಡ ಗುಮ್ಮಟದ ಜನರಲ್ ಪೋಸ್ಟ್ ಆಫೀಸ್, ಅಲ್ಲೇ ರಿಸರ್ವ್ ಬ್ಯಾಂಕಿನ ಕಚೇರಿ, ಫೇರ್ಲಿ ಪ್ಲೇಸಿನಲ್ಲಿ ಪೂರ್ವ ರೈಲ್ವೆಯ ಕೇಂದ್ರ ಕಚೇರಿ, ಲಾಲ್‌ಬಜಾರಿನಲ್ಲಿ ಪೊಲೀಸರ ಕೇಂದ್ರ ಕಚೇರಿ. ಮೊದಲು ಡಾಲ್‌ಹೌಸಿ ಚೌಕವಾಗಿದ್ದ ಜಾಗಕ್ಕೆ ಈಗಿರುವುದು ಬಿನೊಯ್, ಬಾದಲ್, ದಿನೇಶ್ ಎಂಬ ಮೂವರು ತರುಣರ ಹೆಸರು. 1930ರ ಡಿಸೆಂಬರ್ 8ರಂದು ಅವರು ರೈಟರ್ಸ್ ಬಿಲ್ಡಿಂಗಿನೊಳಗೆ ನುಗ್ಗಿ ಜೈಲುಗಳ ಇನ್‌ಸ್ಪೆಕ್ಟರ್ ಜನರಲ್ ಸಿಂಪ್ಸನ್ನನಿಗೆ ಗುಂಡಿಕ್ಕಿದರು.

ದೇಶದ ಓಟಪಥಗಳೋ ದೂರ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈನ ಮದ್ರಾಸ್ ಪಥ 1990ರದು, ಸುಮಾರು 3.7 ಕಿಲೋಮೀಟರ್, ಹನ್ನೆರಡು ತಿರುವು. ಗ್ರೇಟರ್ ನೋಯ್ಡಾದ ಬುದ್ಧ ಪಥ 2011ರದು, ಐದು ಕಿಲೋಮೀಟರಿಗೂ ಹೆಚ್ಚು. ಕೊಯಮತ್ತೂರಿನಲ್ಲಿ ಇವಕ್ಕಿಂತ ಚಿಕ್ಕದಾದ ಕಾರಿ ಪಥವಿದೆ. ಒಂದು ಕಾಲದಲ್ಲಿ ಮದ್ರಾಸಿನವರು ಶೋಳವರಂನ ಹಳೆಯ ವಿಮಾನಪಟ್ಟಿಯ ಮೇಲೆ ಓಡಿಸಿದಂತೆ ಕಲ್ಕತ್ತದವರು ಬ್ಯಾರಕ್‌ಪುರದಲ್ಲಿ ಓಡಿಸುತ್ತಿದ್ದರು. ಮದ್ರಾಸಿನವರಿಗೆ ಆಮೇಲೆ ಪಥ ಬಂತು, ಕಲ್ಕತ್ತದವರಿಗೆ ಮೆಟ್ರೋ.

ಅಧಿಕರಣ 2: ಪೂರ್ವಸೂರಿ ವಿಚಾರ

ಪೂರ್ವಸೂರಿಗಳನ್ನು ನೆನೆಯದ ಪ್ರಬಂಧಕ್ಕೆ ಮರ್ಯಾದೆಯಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ‘ರೈಟರ್’ಗಳು ಮೀಸೆ ಮೂಡದ ಗುಮಾಸ್ತರು, ಇಲ್ಲಿನ ಭಾಷೆ, ಕಾನೂನು ಯಾವುದೂ ತಿಳಿಯದೆ ಹಡಗಿನಿಂದ ಇಳಿಯುತ್ತಿದ್ದರು. ಇಂಥವರ ಕೈಗೆ ಅಧಿಕಾರ ಕೊಡುವ ಮುನ್ನ ನಾಲ್ಕಕ್ಷರ ಕಲಿಸಬೇಕೆಂದು 1800ರಲ್ಲಿ ವೆಲ್ಲೆಸ್ಲಿ ಫೋರ್ಟ್ ವಿಲಿಯಂ ಕಾಲೇಜು ತೆರೆದ. ಅದು ಕೆಲಕಾಲ ನಡೆದದ್ದು ಇದೇ ರೈಟರ್ಸ್ ಬಿಲ್ಡಿಂಗಿನಲ್ಲಿ. ಅಲ್ಲಿ ಪಾಠ ಹೇಳಿದ ವಿಲಿಯಂ ಕೇರಿ 1817ರಲ್ಲಿ ಸಿರಾಂಪುರದಿಂದ ಕನ್ನಡದ್ದೊಂದು ವ್ಯಾಕರಣವನ್ನೂ ಅಚ್ಚು ಹಾಕಿಸಿದ. ಮೋಟಾರ್ ಸೈಕಲ್ಲಿಗೂ ಇದಕ್ಕೂ ಏನು ಸಂಬಂಧ ಎಂದು ಪರೀಕ್ಷಕರು ಕೇಳಬಹುದು. ಹೊಸಬನಿಗೆ ಕಲಿಸಿದ ಮೇಲೆಯೇ ಕೆಲಸ ಒಪ್ಪಿಸಬೇಕೆಂಬ ತತ್ತ್ವಕ್ಕೆ ಈ ಚೌಕದಲ್ಲಿ ಇನ್ನೂರು ವರ್ಷಕ್ಕೂ ಹಿಂದಿನ ಆಧಾರವಿದೆ ಎಂಬುದಷ್ಟೇ ಸಂಬಂಧ. ಮುಂದೆ ಇದು ಬೇಕಾಗುತ್ತದೆ.

ಅಧಿಕರಣ 3: ಆಕಾಂಕ್ಷಿ ವರ್ಗೀಕರಣ

ಆಕಾಂಕ್ಷಿಗಳು ಪಂಚವಿಧ. ಒಂದು, ದೃಶ್ಯಶ್ರವಣಪಂಡಿತ: ಮೊಬೈಲಿನಲ್ಲಿ ಸಕಲ ಪಥಗಳನ್ನೂ ಸುತ್ತಿ ಮುಗಿಸಿದವನು, ತಿರುವಿನ ಒಳಅಂಚಿನ ಏಪೆಕ್ಸನ್ನು ‘ವಕ್ರಗರ್ಭಬಿಂದು’ ಎನ್ನದೆ ಮಾತಾಡಲಾರ. ಎರಡು, ಸಾಮಗ್ರೀಭೂಷಿತ: ಇವನ ಜಾಕೆಟ್ಟಿನ ಬೆಲೆಗೆ ಇನ್ನೊಬ್ಬನ ಬೈಕು ಬರುತ್ತದೆ. ಮೂರು, ಹೆದ್ದಾರಿವೀರ: ನೇರ ರಸ್ತೆಯಲ್ಲಿ ವೇಗವಾಗಿ ಹೋದದ್ದೇ ವಿದ್ಯೆ ಎಂದು ನಂಬಿದವನು, ಮೊದಲ ತಿರುವಿನವರೆಗೆ ಇವನನ್ನು ಹಿಡಿಯುವವರಿಲ್ಲ. ನಾಲ್ಕು, ವರ್ಗಾವಣಾಪೀಡಿತ: ಮಂಗಳೂರು ಉಡುಪಿಗಳಲ್ಲಿ ಹುಟ್ಟಿ ದೇಶವಿಡೀ ಹಬ್ಬಿದ ಬ್ಯಾಂಕುಗಳಲ್ಲೊಂದರ ನೌಕರ. ಊರಿನಿಂದ ಬೈಕನ್ನೂ ಕುಚ್ಚಲಕ್ಕಿಯನ್ನೂ ತಂದು, ಲಾಲ್ ದಿಘಿಯ ಸುತ್ತ ಒಂದನೇ ಗೇರಿನಲ್ಲಿ ಸುತ್ತುತ್ತ, ಬೆಂಗಳೂರಿನಲ್ಲಿದ್ದಾಗ ಇರುಂಗಾಟ್ಟುಕೋಟ್ಟೈ ಅರ್ಧ ದಿನದ ದಾರಿಯಾಗಿದ್ದರೂ ಹೋಗಲಿಲ್ಲವಲ್ಲ ಎಂದು ಕೊರಗುವವನು. ಐದನೆಯ ವಿಧಕ್ಕೆ ಹೆಸರು ಸಿಕ್ಕಿಲ್ಲ. ಹುಡುಕುವುದೂ ಬೇಡ. ಮೊದಲ ತಿರುವಿನಲ್ಲಿ ನಾಲ್ವರೂ ಒಂದೇ ತಪ್ಪು ಮಾಡುತ್ತಾರೆ: ಹೋಗಬೇಕಾದ ಕಡೆ ನೋಡದೆ ಹೆದರಿದ ಕಡೆ ನೋಡುತ್ತಾರೆ, ಬೈಕು ಅಲ್ಲಿಗೇ ಹೋಗುತ್ತದೆ. ವರ್ಗೀಕರಣವನ್ನು ಇಲ್ಲಿಗೆ ಕೈಬಿಡಲಾಗಿದೆ. ಅಧಿಕರಣಗಳ ಸಂಖ್ಯೆಯೂ ಇಲ್ಲಿಗೆ ಮುಗಿಯಿತು.

ವಾಹನದ ಸಿದ್ಧತೆಗೆ ಪಾಂಡಿತ್ಯ ಬೇಡ, ಒಂದು ಭಾನುವಾರ ಸಾಕು. ಟೈರಿನ ಪಕ್ಕದಲ್ಲಿ ಒತ್ತಿರುವ ನಾಲ್ಕಂಕಿಯನ್ನು ಓದಬೇಕು: ಮೊದಲೆರಡು ತಯಾರಾದ ವಾರ, ಉಳಿದೆರಡು ವರ್ಷ. ಗೀರು ಎಷ್ಟೇ ಆಳವಿದ್ದರೂ ಒಣಗಿ ಬಿರಿದ ರಬ್ಬರು ಹಿಡಿಯದು. ಬ್ರೇಕ್ ಪ್ಯಾಡಿನ ದಪ್ಪ ನೋಡಬೇಕು. ಹಳೆಯ ಬ್ರೇಕ್ ಆಯಿಲನ್ನು ಬದಲಿಸಬೇಕು, ಏಕೆಂದರೆ ಅದು ತೇವ ಹೀರಿಕೊಂಡಿದ್ದರೆ ಬಿಸಿಯಲ್ಲಿ ಕುದಿದು ಗುಳ್ಳೆಯೆದ್ದು ಲಿವರ್ ಮೆತ್ತಗಾಗುತ್ತದೆ. ಚೈನಿನ ಸಡಿಲ, ಎಂಜಿನ್ ಆಯಿಲಿನ ಬೋಲ್ಟು, ಕೈಬಿಟ್ಟರೆ ತಾನಾಗಿ ಮರಳುವ ಆಕ್ಸಿಲರೇಟರ್ ಇವನ್ನು ಪರಿಶೀಲಿಸಬೇಕು. ಟೈರು ಬಿಸಿಯಾದಂತೆ ಒಳಗಿನ ಗಾಳಿಯ ಒತ್ತಡ ಏರುವುದರಿಂದ ಎಷ್ಟು ಗಾಳಿಯಿಂದ ಶುರುಮಾಡಬೇಕೆಂದು ಪಥದಲ್ಲೇ ಕೇಳಿ ತಿಳಿಯಬೇಕು. ಕನ್ನಡಿಗಳನ್ನು ಬಿಚ್ಚಬೇಕು, ದೀಪಗಳಿಗೆ ಟೇಪು ಸುತ್ತಬೇಕು. ಬಿದ್ದರೆ ಗಾಜಿನ ಚೂರು ಹಿಂದೆ ಬರುವವನ ಟೈರಿಗೆ ಸಿಗಬಾರದು. ಬೇಕಾದ ಬಿಡಿಭಾಗಗಳು ಕೋಲ್ಕತ್ತದ ಮಲ್ಲಿಕ್ ಬಜಾರಿನಲ್ಲಿ ಸಿಗುತ್ತವೆ. ಯಾರ ಬೈಕಿನಿಂದ ಬಂದವು ಎಂದು ಕೇಳದಿರುವುದು ಅಲ್ಲಿನ ಸಂಪ್ರದಾಯ.

ಉಡುಪಿನ ವಿಷಯ ವಿಚಿತ್ರವಾಗಿದೆ. ಬಿಬಿಡಿ ಬಾಗ್‌ನಿಂದ ನಡೆದು ಹೋಗುವಷ್ಟು ದೂರದಲ್ಲಿ ಬೆಂಟಿಂಕ್ ಸ್ಟ್ರೀಟ್, ಚೀನೀ ಚಮ್ಮಾರರ ಬೂಟಿಗೆ ಹೆಸರಾದ ಬೀದಿ. ಅದೇ ಊರಿನ ಟಾಂಗ್ರಾದಲ್ಲಿ ತಲೆಮಾರುಗಳ ಕಾಲ ಚರ್ಮ ಹದ ಮಾಡಿದ್ದಾರೆ. ಇಷ್ಟಿದ್ದೂ ಆಕಾಂಕ್ಷಿ ತೊಡಬೇಕಾದ ಇಡೀ ಮೈಯ ಚರ್ಮದ ಸೂಟು, ಮಣಿಕಟ್ಟು ದಾಟುವ ಗ್ಲೌಸು, ಕಣಕಾಲು ಮುಚ್ಚುವ ಬೂಟು ಅವನ ಕೈಗೆ ಬರುವುದು ದೂರದ ಯಾವುದೋ ಬ್ರ್ಯಾಂಡಿನ ಚೀಟಿ ಹೊತ್ತು, ಆ ಚೀಟಿಯ ಬೆಲೆಗೆ. ಆದರೂ ಮೊದಲ ಸಲಕ್ಕೆ ಕೊಳ್ಳಬೇಕಾಗಿಲ್ಲ. ಬಾಡಿಗೆಗೆ ಸಿಕ್ಕರೆ ಹಾಕಿಕೊಂಡು, ಕೂತು, ಬಗ್ಗಿ, ಮಂಡಿ ಮಡಿಸಿ ನೋಡಿ ತೊಟ್ಟರೆ ಸಾಕು. ಕನ್ನಡಿಯ ಮುಂದೆ ಮಾತ್ರ ನಿಲ್ಲಬಾರದು.

ಇನ್ನು ಹೆಲ್ಮೆಟ್. ಪೂರ್ತಿ ಮುಖ ಮುಚ್ಚುವ, ಗದ್ದದಡಿ ಎರಡು ಉಂಗುರದಲ್ಲಿ ಬಿಗಿಯುವ, ಒಮ್ಮೆ ಬಿದ್ದು ಪೆಟ್ಟು ತಿನ್ನದ ಹೆಲ್ಮೆಟ್ ಬೇಕು ಎಂದು ಪಥದ ನಿಯಮ ಹೇಳುತ್ತದೆ. ಪಥದ ಹೊರಗೆ, ಎಲ್ಲ ಊರಿನ ಫುಟ್‌ಪಾತುಗಳಲ್ಲೂ, ಪೊಲೀಸನಿಗೆ ತೋರಿಸಲಿಕ್ಕೆ ಎಂದೇ ಮಾರುವ ಪ್ಲಾಸ್ಟಿಕ್ ಬೋಗುಣಿಗಳಿವೆ. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎಂದು ಕೇಂದ್ರ ಸರ್ಕಾರದ ವರದಿಯೇ ಹೇಳುತ್ತದೆ. ಅವರಲ್ಲಿ ಶೇಕಡಾ 44.5ರಷ್ಟು ದ್ವಿಚಕ್ರದವರು. ಹೆಲ್ಮೆಟ್ ಇಲ್ಲದೆ ಸತ್ತವರು 50,029. ಇವರಲ್ಲಿ ಯಾರೂ ವಕ್ರಗರ್ಭಬಿಂದುವಿನಲ್ಲಿ ಸತ್ತವರಲ್ಲ. ಹಾಲು ತರಲು ಹೋದವರು, ಪಾಳಿ ಮುಗಿಸಿ ಮನೆಗೆ ಹೊರಟವರು, ಹತ್ತು ನಿಮಿಷದಲ್ಲಿ ಬಿರಿಯಾನಿ ತಲುಪಿಸಬೇಕಾಗಿದ್ದ ಹುಡುಗರು. ಇವರಿಗೆ ಯಾರೂ ಎಂದೂ ಬ್ರೇಕ್ ಹಿಡಿಯುವುದನ್ನು ಕಲಿಸಿರಲಿಲ್ಲ. ಕಲಿಸಿದ್ದು ಇಷ್ಟೇ: ‘ಮುಂದಿನ ಬ್ರೇಕ್ ಮುಟ್ಟಬೇಡ ಮಗಾ, ಬೀಳ್ತೀಯ.’ ನಿಲ್ಲುವಾಗ ಭಾರ ಮುಂದಿನ ಗಾಲಿಗೆ ಸರಿಯುತ್ತದೆ, ನಿಲ್ಲಿಸುವ ಬಲದ ಬಹುಪಾಲು ಅಲ್ಲಿಯೇ ಇದೆ. ಅದನ್ನೇ ಮುಟ್ಟಬೇಡ ಎಂದು ಅಪ್ಪ ಮಗನಿಗೆ, ಮಗ ತಮ್ಮನಿಗೆ ಹೇಳಿಕೊಡುತ್ತ ಬಂದಿದ್ದಾರೆ. ಸರ್ಕಾರ 2019ರ ಏಪ್ರಿಲ್‌ನಿಂದ 125 ಸಿ.ಸಿ. ಮೀರಿದ ಹೊಸ ಬೈಕುಗಳಿಗೆಲ್ಲ, ಬ್ರೇಕ್ ಹಿಡಿದಾಗ ಗಾಲಿ ಕಚ್ಚಿ ಜಾರದಂತೆ ತಡೆಯುವ ಎಬಿಎಸ್ ಕಡ್ಡಾಯ ಮಾಡಿತು. ಅದು ಒಳ್ಳೆಯ ಕೆಲಸ. ಆದರೆ ಮುಟ್ಟದ ಬ್ರೇಕಿಗೆ ಎಬಿಎಸ್ ಇದ್ದು ಏನು ಬಂತು?

ಕಂಪನಿಯ ಗುಮಾಸ್ತನಿಗೆ ಕಾಲೇಜು ಕಟ್ಟಿದ ಊರಿನಲ್ಲೂ, ಆ ಕಾಲೇಜಿನ ಮೇಷ್ಟರಿಂದ ವ್ಯಾಕರಣ ಪಡೆದ ಕನ್ನಡ ನಾಡಿನಲ್ಲೂ, ಸವಾರನಿಗೆ ಇರುವ ಶಿಕ್ಷಣ ಒಂದೇ: ಕಾಲು ನೆಲಕ್ಕೆ ತಾಗಿಸದೆ ಎಂಟು ಹಾಕಿ ತೋರಿಸುವುದು. ಎಂಟು ಹಾಕಿದವನಿಗೆ ಲೈಸೆನ್ಸು. ಜೋರಾಗಿ ಬಂದು ನಿಲ್ಲಿಸು ಎಂದು ಕೇಳುವವರಿಲ್ಲ. ಬ್ರೇಕು, ನೋಟ, ಬಾಗುವಿಕೆ ಈ ಮೂರನ್ನು ಕಲಿಯಬೇಕಾದರೆ ಸಾವಿರಾರು ರೂಪಾಯಿ ಕಟ್ಟಿ, ಚರ್ಮದ ಸೂಟು ತೊಟ್ಟು, ಏಪೆಕ್ಸಿನ ಭಾಷೆ ಮಾತಾಡುವವರ ನಡುವೆ ಕೈಕಟ್ಟಿ ನಿಲ್ಲಬೇಕು. ಬಲ್ಲವರು ಅಲ್ಲಿ ಹೊಸಬನನ್ನು ನೋಡುವ ನೋಟ ಒಂದಿದೆ. ಅದನ್ನು ನೋಡಿದ ಮೇಲೆ ನಿ.ವ.ದ್ವಿ.ಪ. ಎಂಬ ಹೆಸರು ತಮಾಷೆಯಾಗಿ ಉಳಿಯುವುದಿಲ್ಲ. ಇನ್ನು ಮುಂದೆ ಟ್ರ್ಯಾಕ್ ಡೇ ಎಂದೇ ಬರೆಯಲಾಗಿದೆ.

ಪ್ರಯಾಣ. ಹೌರಾದಿಂದ ಚೆನ್ನೈಗೆ ರೈಲಿನಲ್ಲಿ ಸುಮಾರು 1,660 ಕಿಲೋಮೀಟರ್. ಸವಾರನ ಟಿಕೆಟ್ಟು ಫೇರ್ಲಿ ಪ್ಲೇಸಿನಲ್ಲಿ ಸಿಗಬಹುದು. ಬೈಕಿನದು ಹೌರಾ ಪಾರ್ಸೆಲ್ ಆಫೀಸಿನ ವ್ಯವಹಾರ. ಟ್ಯಾಂಕಿನ ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಗೋಣಿ ಸುತ್ತಿ ಹೊಲಿಸಿ, ಆರ್.ಸಿ.ಯ ನಕಲು, ಗುರುತಿನ ಚೀಟಿಯ ನಕಲು ಕೊಟ್ಟು, ಎಲ್ಲಿಂದ ಎಲ್ಲಿಗೆ ಎಂದು ದಪ್ಪಕ್ಷರದಲ್ಲಿ ಬರೆಸಬೇಕು. ಬೈಕು ಅದೇ ರೈಲಿನಲ್ಲಿ ಬರುತ್ತದೆಂದು ನಂಬುವುದು ಭಕ್ತಿಯ ವಿಷಯ, ಶಾಸ್ತ್ರದ್ದಲ್ಲ. ಪಥದಲ್ಲೇ ಬಾಡಿಗೆ ಬೈಕು ಸಿಗುವುದಾದರೆ ಈ ಪ್ಯಾರಾವನ್ನು ಓದದೆ ಮುಂದೆ ಹೋಗಬಹುದು.

ದೇಹಕ್ಕೆ ಬೇಕಾದದ್ದು ಹಿಂದಿನ ರಾತ್ರಿಯ ನಿದ್ದೆ, ದಿನವಿಡೀ ನೀರು, ಹಗುರ ಊಟ. ಕೋಲ್ಕತ್ತದ ಡೇಕರ್ಸ್ ಲೇನಿನ ಸ್ಟ್ಯೂ ಟೋಸ್ಟು ಆ ಮಟ್ಟಿಗೆ ಆದರ್ಶ. ಆದರೆ ಅದನ್ನು ಇರುಂಗಾಟ್ಟುಕೋಟ್ಟೈಗೆ ಒಯ್ಯಲಾಗದು. ಮದ್ಯ ಹಿಂದಿನ ರಾತ್ರಿಯೂ ಬೇಡ. ಚರ್ಮದ ಸೂಟಿನೊಳಗೆ ತಮಿಳುನಾಡಿನ ಬಿಸಿಲು ಏನು ಮಾಡುತ್ತದೆಂದು ಮೊದಲ ಕಂತಿನಲ್ಲೇ ತಿಳಿಯುತ್ತದೆ.

ಪಥದಲ್ಲಿ ಸಂಘಟಕರು ನಡೆಸುವ ಬೆಳಿಗ್ಗೆಯ ಮಾತುಕತೆಯನ್ನು ತಪ್ಪಿಸಬಾರದು. ಬಾವುಟಗಳ ಅರ್ಥ ಅಲ್ಲಿಯೇ ಹೇಳುತ್ತಾರೆ: ಹಳದಿ ಕಂಡರೆ ಮುಂದೆ ಅಪಾಯ, ಯಾರನ್ನೂ ದಾಟುವಂತಿಲ್ಲ, ಕೆಂಪು ಕಂಡರೆ ಕಂತು ನಿಂತಿತು, ನಿಧಾನಿಸಿ ಪಥದ ಬದಿಯ ತಂಗುದಾಣವಾದ ಪಿಟ್ಟಿಗೆ ಮರಳಬೇಕು, ಚೌಕುಳಿ ಕಂಡರೆ ಕಂತು ಮುಗಿಯಿತು. ಹೊಸಬರ ಗುಂಪಿನಲ್ಲೇ ಹೆಸರು ಬರೆಸಬೇಕು, ಎಷ್ಟೇ ಅವಮಾನವೆನಿಸಿದರೂ. ಹಿಂದಿನಿಂದ ಯಾರಾದರೂ ಬಂದರೆ ಸರಿದು ದಾರಿ ಬಿಡಲು ಹೋಗಬಾರದು, ತನ್ನ ಗೆರೆಯಲ್ಲೇ ಸಾಗಬೇಕು. ಸುರಕ್ಷಿತವಾಗಿ ದಾಟುವ ಹೊಣೆ ಹಿಂದಿನವನದು. ಹಾರ್ನಿನಿಂದಲೇ ದಾರಿ ಮಾಡಿಕೊಂಡು ಬಂದ ಬಿಬಿಡಿ ಬಾಗ್ ಸವಾರನಿಗೆ ಇದನ್ನು ನಂಬಲು ಅರ್ಧ ದಿನ ಬೇಕಾಗುತ್ತದೆ.

1980ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸವಾರಿ ಶಾಲೆ ತೆರೆದ ಕೀತ್ ಕೋಡ್, ಸವಾರನ ಗಮನವನ್ನು ಹತ್ತು ಡಾಲರಿನ ನೋಟಿಗೆ ಹೋಲಿಸಿದ. ಹೆದರಿಕೆಗೆ ಐದು, ಗೇರಿಗೆ ಮೂರು ಖರ್ಚಾದರೆ ತಿರುವಿಗೆ ಉಳಿಯುವುದು ಎರಡೇ. ಒಂದೊಂದೂ ರೂಢಿಯಾದಂತೆ ಖರ್ಚು ತಗ್ಗುತ್ತದೆ. 1935ರಲ್ಲಿ ಕಲ್ಕತ್ತದಲ್ಲೇ ಕೇಂದ್ರ ಕಚೇರಿ ತೆರೆದು ಎರಡೇ ವರ್ಷದಲ್ಲಿ ಬೊಂಬಾಯಿಗೆ ಹೊರಟ ರಿಸರ್ವ್ ಬ್ಯಾಂಕಿಗೂ ಇಷ್ಟು ಸ್ಪಷ್ಟವಾದ ಹಣಕಾಸು ನೀತಿ ಇದ್ದೀತೇ ಎಂದು ವರ್ಗಾವಣಾಪೀಡಿತರು ಚರ್ಚಿಸಬಹುದು. ಮೊದಲ ದಿನದ ಬಜೆಟ್ಟು ಸರಳವಾಗಿರಲಿ: ನೇರದಲ್ಲೇ ಬ್ರೇಕು ಮುಗಿಸುವುದು, ತಲೆಯೆತ್ತಿ ತಿರುವಿನ ಆಚೆ ನೋಡುವುದು, ಹ್ಯಾಂಡಲನ್ನು ಬಿಗಿಯಾಗಿ ಹಿಡಿಯದಿರುವುದು. ಮಂಡಿ ನೆಲಕ್ಕೆ ತಾಗಿಸುವ ಜಾನುಸಂಘರ್ಷ ಆ ಬಜೆಟ್ಟಿನಲ್ಲಿ ಇಲ್ಲ.

ಮಧ್ಯಾಹ್ನದ ನಂತರ ಕೈ ಸೋಲುತ್ತದೆ, ಧೈರ್ಯ ಮಾತ್ರ ಏರುತ್ತಿರುತ್ತದೆ. ಆದ್ದರಿಂದ ಕೊನೆಯ ಕಂತಿಗೆ ದುಡ್ಡು ಕಟ್ಟಿದ್ದರೂ ಬಿಟ್ಟುಬಿಡುವುದು ಜಾಣತನ. ಆ ಬಿಡುವಿನಲ್ಲಿ ಟೇಪು ಕಿತ್ತು, ಕನ್ನಡಿ ಕೂರಿಸಿ, ಟೈರಿಗೆ ರಸ್ತೆಯ ಗಾಳಿ ತುಂಬಿಸಬೇಕು. ಚೆನ್ನೈ ಸೆಂಟ್ರಲ್ಲಿನ ಪಾರ್ಸೆಲ್ ಆಫೀಸಿನಲ್ಲಿ ಪೆಟ್ರೋಲ್ ಮತ್ತೆ ಖಾಲಿ ಮಾಡಿಸಿ, ಗೋಣಿ ಮತ್ತೆ ಹೊಲಿಸಿ, ಆರ್.ಸಿ.ಯ ನಕಲು ಮತ್ತೆ ಕೊಡಬೇಕು. ಬರುವಾಗ ಹೌರಾದಲ್ಲಿ ಕೊಟ್ಟದ್ದು ಇಲ್ಲಿ ನಡೆಯದು.